ಜಗಲಿಯವರೆಗೆ ಬಂದವರು

ಬಿಷಪ್ ಟ್ರೆಂಟ್ ಬೆಟ್ಟದ ಮೇಲಿಂದ ಫೋನ್ ಮಾಡಿದಾಗ ಡೆಲ್ಮರ್ ಅಡಿಗೆಮನೆಯಲ್ಲಿ ನಿಂತು ಸೀದುಹೋದ ಬ್ರೆಡ್ಡನ್ನು ಚಾಕುವಿನಿಂದ ಕೆರೆಯುತ್ತಿದ್ದ. ಹೆಂಡತಿ ನೆಡ್ರಾ ತೀರಿಕೊಂಡು ಏಳು ವರ್ಷವಾಗಿದ್ದರೂ ಬ್ರೆಡ್ಡು ಯಾವ ಗಳಿಗೆಯಲ್ಲಿ ಸೀಯುತ್ತದೆ ಎನ್ನುವುದು ಅವನ ಅಂದಾಜಿಗೆ ಸಿಕ್ಕಿರಲಿಲ್ಲ. ಅದು ಜಿಂಕೆ ಬೇಟೆ ಶುರುವಾಗುವ ಶನಿವಾರ. ಕೋವಿ ಎತ್ತಬಲ್ಲ ಗಂಡಸರೆಲ್ಲ ಬೆಳಕು ಹರಿಯುವ ಮೊದಲೇ ಬೆಟ್ಟ ಹತ್ತಿದ್ದರು. ಯೂಟಾದ ಆ ಕಣಿವೆಯಲ್ಲಿ ಇಂಥ ದಿನ ಚರ್ಚಿನ ಪಾಲಿಗೆ ಗಂಡಸರೇ ಇರುವುದಿಲ್ಲ. ಬಿಷಪ್ಪನೇ ಇರುವುದಿಲ್ಲ ಎಂದಮೇಲೆ ಉಳಿದವರನ್ನು ಅಂದು ಏನು ಪ್ರಯೋಜನ. ಡೆಲ್ಮರ್ ಮಂಡಿನೋವೆಂದು ಹೇಳಿ ಉಳಿದಿದ್ದ. ಮಂಡಿ ನೋಯುತ್ತಿದ್ದದ್ದೂ ನಿಜವೇ. ಆದರೆ ಎರಡು ದಿನದ ಹಿಂದೆ ಊರಿನ ಹಿರಿಯ ಆರ್ವಲ್ ಮಿಕೆಲ್ಸನ್ ಸತ್ತ ಸುದ್ದಿ ಬಂದಾಗಿನಿಂದ ಅವನಿಗೆ ನಾಲ್ಕು ಜನರ ನಡುವೆ ಬೆಂಕಿಯ ಸುತ್ತ ಕೂತು ಆ ಮುದುಕರ ಗುಣಗಾನ ಕೇಳಿಸಿಕೊಳ್ಳುವುದು ಬೇಡವಾಗಿತ್ತು.

"ಬ್ರದರ್ ಡೆಲ್ಮರ್, ಕೇಳಿಸ್ತಾ ಇದೆಯಾ? ಇಲ್ಲಿ ಸಿಗ್ನಲ್ಲು ಬರುತ್ತೆ ಹೋಗುತ್ತೆ. ಬಂಡೆ ಹತ್ತಿ ನಿಂತ್ಕೊಂಡು ಮಾತಾಡ್ತಿದೀನಿ."

"ಹುಷಾರು, ಬಿದ್ದುಬಿಟ್ಟೀರಿ. ಒಂದೇ ವಾರದಲ್ಲಿ ಎರಡು ಸಾವಾದ್ರೆ ಆಲೂಗಡ್ಡೆ ಬೇಯಿಸೋ ಹೆಂಗಸರು ಮುಷ್ಕರ ಹೂಡ್ತಾರೆ."

ಬಿಷಪ್ ನಕ್ಕ. ಅವರ ಚರ್ಚಿನಲ್ಲಿ ಬಿಷಪ್ ಎಂದರೆ ಊರಿನವರಲ್ಲೇ ಒಬ್ಬರು ಸರದಿಯಂತೆ ಸಂಬಳವಿಲ್ಲದೆ ಮಾಡುವ ಕೆಲಸ. ಇವನು ವಾರವಿಡೀ ಟೈರು ಅಂಗಡಿ ನಡೆಸುವ ಹುಡುಗಬುದ್ಧಿಯ ಮನುಷ್ಯ, ನಗುವುದಕ್ಕೆ ಕಾರಣ ಬೇಕಾಗಿರಲಿಲ್ಲ. ಸಾವಿನ ಮನೆಯವರಿಗೆ ಚೀಸು ಹಾಕಿ ಬೇಯಿಸಿದ ಆಲೂಗಡ್ಡೆ ಕೊಡದೆ ಅಲ್ಲಿ ಯಾರನ್ನೂ ಮಣ್ಣು ಮಾಡಿದ್ದಿಲ್ಲ.

"ನೋಡಿ, ಬ್ರದರ್ ಮಿಕೆಲ್ಸನ್‌ಗೆ ಬಟ್ಟೆ ತೊಡಿಸ್ಬೇಕು, ಇವತ್ತು ಬೆಳಗ್ಗೇನೇ. ಅವರ ಹೆಂಡತಿ, ಸಿಸ್ಟರ್ ಲರೂ, ನಿಮ್ಮನ್ನೇ ಕಳಿಸಿ ಅಂದ್ರು."

"ಅಳಿಯಂದಿರು ಮೂರು ಜನ ಇದ್ದಾರಲ್ಲ?"

"ಮೂರೂ ಜನ ಇಲ್ಲೇ ನನ್ನ ಜೊತೆ ಇದಾರೆ. ನಾವು ಹೋಗಲ್ಲ ಅಂದ್ರೂ ಅತ್ತೇನೇ ಕಳಿಸಿದ್ರಂತೆ. 'ಹೋಗ್ರೋ, ನಿಮ್ಮ ಮಾವ ಸೋಮವಾರದವರೆಗೂ ಎಲ್ಲಿಗೂ ಓಡಿಹೋಗಲ್ಲ, ಜಿಂಕೆ ಓಡಿಹೋಗುತ್ತೆ' ಅಂದ್ರಂತೆ."

"ನನ್ನನ್ನೇ ಅಂದ್ರಾ? ಹೆಸರು ಹೇಳಿ?"

"ಹೆಸರು ಹೇಳಿನೇ ಅಂದ್ರು," ಎಂದ ಬಿಷಪ್. ಅಷ್ಟರಲ್ಲಿ ಸಿಗ್ನಲ್ ಹೋಯಿತು.

ಡೆಲ್ಮರ್ ಬ್ರೆಡ್ಡನ್ನು ಕಸಕ್ಕೆ ಹಾಕಿ ಬರಿಹೊಟ್ಟೆಯಲ್ಲೇ ಅಂಗಿ ಬದಲಿಸಿದ. ಚರ್ಚಿನವರಲ್ಲೂ ಅರ್ಹರಿಗಷ್ಟೇ ಪ್ರವೇಶವಿರುವ ತಮ್ಮ ದೇವಾಲಯದ ಒಳಗೆ ಹೋಗಿ ಬಂದವರು ಸತ್ತಾಗ ಅಲ್ಲಿ ಉಡುವ ಬಿಳಿ ಬಟ್ಟೆಯಲ್ಲೇ ಮಣ್ಣಿಗೆ ಹೋಗಬೇಕು. ಗಂಡಸಿಗೆ ಗಂಡಸರು, ಹೆಂಗಸಿಗೆ ಹೆಂಗಸರು, ತಾವೂ ಒಳಗೆ ಹೋಗಿಬಂದವರೇ, ಅದನ್ನು ತೊಡಿಸಬೇಕು. ಪ್ಯಾಂಟು, ಅಂಗಿ, ಟೈ, ಚಪ್ಪಲಿ ಎಲ್ಲ ಬಿಳಿ. ಉಳಿದವುಗಳ ಬಗ್ಗೆ ಹೊರಗೆ ಮಾತಾಡುವ ರೂಢಿಯಿಲ್ಲ, ಆದ್ದರಿಂದ ಇಲ್ಲಿಯೂ ಬೇಡ. ಡೆಲ್ಮರ್ ತನ್ನ ಅಪ್ಪನಿಗೆ, ಚಿಕ್ಕಪ್ಪನಿಗೆ ತೊಡಿಸಿದ್ದ, ಹೆದರುವಂಥದ್ದೇನೂ ಅಲ್ಲ. ಆದರೆ ಲರೂ ತನ್ನನ್ನೇ ಯಾಕೆ ಕರೆದಳು? ಅವಳಿಗೆ ಗೊತ್ತಿರಬಹುದೇ? ಗೊತ್ತಿರಲು ಸಾಧ್ಯವೇ ಇಲ್ಲ, ಆ ದಿನ ಆ ಕೋಣೆಯಲ್ಲಿ ನೆಡ್ರಾ ಆ ಮಾತು ಆಡಿದಾಗ ತಾನೊಬ್ಬನೇ ಇದ್ದದ್ದು, ಗೋಡೆಗಳು ಹೋಗಿ ಹೇಳಿರಬೇಕು ಅಷ್ಟೆ. ಹೀಗೆ ಅಂದುಕೊಳ್ಳುತ್ತಲೇ ಅವನು ಅಂಗಿಯ ಗುಂಡಿಗಳನ್ನು ಒಂದೊಂದು ತಪ್ಪಿಸಿ ಹಾಕಿಕೊಂಡಿದ್ದ, ಪಿಕಪ್ಪಿನಲ್ಲಿ ಕೂತ ಮೇಲೆ ಅದು ಕಣ್ಣಿಗೆ ಬಿತ್ತು, ಹಾಗೇ ಹೊರಟ.

ರಸ್ತೆಯ ಎರಡು ಕಡೆಯ ಟರ್ಕಿ ಕೋಳಿಯ ಕೊಟ್ಟಿಗೆಗಳಿಂದ ಬೆಳಗಿನ ವಾಸನೆ ಬರುತ್ತಿತ್ತು. ಆರ್ವಲ್ ಕೂಡ ಒಂದು ಕಾಲದಲ್ಲಿ ಟರ್ಕಿ ಸಾಕಿದವರು, ಒಂದೇ ಚಳಿಗಾಲದಲ್ಲಿ ಎಲ್ಲವನ್ನೂ ಕಳೆದುಕೊಂಡು ಆಮೇಲೆ ಮೇವಿನ ಅಂಗಡಿ ಇಟ್ಟವರು. ಊರು ಅವರನ್ನು ಯಾಕೆ ಅಷ್ಟು ಹಚ್ಚಿಕೊಂಡಿತ್ತು ಎಂದು ಕೇಳಿದರೆ ಒಬ್ಬೊಬ್ಬರೂ ಒಂದೊಂದು ಹೇಳುತ್ತಿದ್ದರು. ಅವರ ಪ್ರಾರ್ಥನೆ ಚಿಕ್ಕದು ಎನ್ನುವುದು ಮೊದಲ ಕಾರಣ. ಬೇರೆಯವರು ಎದ್ದು ನಿಂತರೆ ದೇವರಿಗೆ ಊರಿನ ಹವಾಮಾನವನ್ನೂ ವರದಿ ಮಾಡುತ್ತಿದ್ದರು. ಆರ್ವಲ್ ಎದ್ದರೆ ಕೂಸುಗಳು ಅಳಲು ಬಾಯಿ ತೆರೆಯುವಷ್ಟರಲ್ಲಿ ಆಮೆನ್ ಆಗಿರುತ್ತಿತ್ತು. ಇನ್ನೊಂದು ಅಭ್ಯಾಸವಿತ್ತು. ಯಾರ ಮನೆಯ ಮಗ ಧರ್ಮಪ್ರಚಾರಕ್ಕೆಂದು ಎರಡು ವರ್ಷ ದೂರದೇಶಕ್ಕೆ ಹೊರಟರೂ, ಮಾರನೆಯ ಭಾನುವಾರ ಮಧ್ಯಾಹ್ನ ಆ ಮನೆಗೆ ಹೋಗಿ ಹುಡುಗನ ಕುರ್ಚಿಯಲ್ಲೇ ಕೂತು, "ಇವತ್ತಿನ ಮಟ್ಟಿಗೆ ಅವನ ಪಾಲು ನನಗೆ ಹಾಕಿಬಿಡಿ" ಎಂದು ಊಟ ಮಾಡಿ ಬರುತ್ತಿದ್ದರು. ಅಮ್ಮಂದಿರು ಬಡಿಸುತ್ತಾ ಅಳುತ್ತಿದ್ದರು, ಇವರು ಅದು ಕಾಣದವರಂತೆ ಇನ್ನೊಂದು ತುಂಡು ಕೇಳುತ್ತಿದ್ದರು. ಡೆಲ್ಮರನ ಮಗ ಹೊರಟಾಗಲೂ ಬಂದಿದ್ದರು. ನೆಡ್ರಾ ಅಳಲಿಲ್ಲ, ನಕ್ಕಳು. ಹುಡುಗನಿಗಿಂತ ಚೆನ್ನಾಗಿ ತಿಂತೀರಿ, ಇಲ್ಲೇ ಇದ್ದುಬಿಡಿ ಅಂದಳು. ಆಗ ಅವಳಿಗೆ ದಪ್ಪ ಕೂದಲಿತ್ತು.

ಆಮೇಲೆ ಕೂದಲು ಹೋಯಿತು. ಆರ್ವಲ್ ಆಶೀರ್ವಾದಕ್ಕೆ ಬಂದ ದಿನ ಮುಂದಿನ ಕೋಣೆಯಲ್ಲಿ ಹಾಕಿದ ಮಂಚದ ಮೇಲೆ ಅವಳು ದಿಂಬಿಗೆ ಒರಗಿ, ತಲೆಯ ವಸ್ತ್ರವನ್ನು ತಾನೇ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಳು. ರೋಗಿಗೆ ಆಶೀರ್ವಾದ ಮಾಡುವುದಕ್ಕೆ ಇಬ್ಬರು ಬೇಕು. ಒಬ್ಬ ನೆತ್ತಿಗೆ ಎಣ್ಣೆ ಮುಟ್ಟಿಸಿ ಎರಡು ಮಾತು ಹೇಳುತ್ತಾನೆ, ಅದು ನಿಗದಿಯಾದ ಮಾತು, ಯಾರು ಬೇಕಾದರೂ ಹೇಳಬಹುದು. ಇನ್ನೊಬ್ಬ ಎಲ್ಲರ ಕೈ ತಲೆಯ ಮೇಲಿರುವಾಗ ತನಗೆ ಮೇಲಿನಿಂದ ಬಂದ ಮಾತನ್ನು ಆಡುತ್ತಾನೆ. ಎಲ್ಲರೂ ಕಾಯುವುದು ಆ ಮಾತಿಗೆ. ಡೆಲ್ಮರ್ ಎಣ್ಣೆ ಹಾಕಿದ. ಆರ್ವಲ್ ಮಾತಾಡಬೇಕು. 'ಎದ್ದೇಳು' ಅನ್ನಲಿ, 'ವಾಸಿಯಾಗುತ್ತೀ' ಅನ್ನಲಿ ಎಂದು ಡೆಲ್ಮರ್ ಹಲ್ಲು ಕಚ್ಚಿಕೊಂಡು ನಿಂತಿದ್ದ. ಅವನಿಗೆ ಡಾಕ್ಟರು ಹೇಳಿದ್ದು ಮುಖ್ಯವಾಗಿರಲಿಲ್ಲ. ಆರ್ವಲ್ ಬಾಯಿಂದ ಆ ಮಾತೊಂದು ಬಿದ್ದರೆ ಸಾಕು, ದೇವರು ಅದಕ್ಕೆ ಕಟ್ಟುಬಿದ್ದಂತೆಯೇ ಎಂದು ಅವನು ಮಗುವಿನ ಹಾಗೆ ನಂಬಿದ್ದ. ಆರ್ವಲ್ ಬಾಯಿ ತೆರೆಯಲಿಲ್ಲ. ಎಷ್ಟೋ ಹೊತ್ತು ತೆರೆಯಲಿಲ್ಲ. ಡೆಲ್ಮರ್ ಕಣ್ಣು ಬಿಟ್ಟು ನೋಡಿದ. ಮುದುಕರೂ ಕಣ್ಣು ತೆರೆದು ನೆಡ್ರಾಳನ್ನೇ ನೋಡುತ್ತಿದ್ದರು. ಕೊನೆಗೆ ಹೇಳಿದರು, "ನೆಡ್ರಾ, ನಿನ್ನ ಕೆಲಸವನ್ನ ಚೆನ್ನಾಗಿ ಮಾಡಿದ್ದೀಯ. ಕೃತಜ್ಞತೆಯೊಂದಿಗೆ ನಿನ್ನನ್ನು ಬಿಡುಗಡೆ ಮಾಡಿದೆ."

ಅದು ಚರ್ಚಿನ ಮಾತು. ಅಲ್ಲಿ ಯಾರೂ ಕೆಲಸ ಕೇಳಿ ಪಡೆಯುವುದಿಲ್ಲ, ಯಾರೂ ಬಿಟ್ಟು ಹೋಗುವುದೂ ಇಲ್ಲ. ಬಿಷಪ್ ಕರೆದು ಒಪ್ಪಿಸುತ್ತಾನೆ, ಒಂದು ಭಾನುವಾರ ಎದ್ದು ನಿಂತು ಇಂಥವರನ್ನು ಕೃತಜ್ಞತೆಯೊಂದಿಗೆ ಬಿಡುಗಡೆ ಮಾಡಿದೆ ಎನ್ನುತ್ತಾನೆ, ಎಲ್ಲರೂ ಒಪ್ಪಿಗೆಗೆ ಬಲಗೈ ಎತ್ತುತ್ತಾರೆ. ನೆಡ್ರಾ ಮಕ್ಕಳಿಗೆ ಹಾಡು ಕಲಿಸುವ ಕೆಲಸದಲ್ಲಿ ಮದುವೆಯಾದ ಹೊಸದರಿಂದ ಇದ್ದವಳು. ಬಿಷಪ್ಪರು ಬದಲಾದರು, ಅವಳನ್ನು ಬಿಡುಗಡೆ ಮಾಡಲು ಎಲ್ಲರೂ ಮರೆತರು. ಹಾಸಿಗೆ ಹಿಡಿದ ಮೇಲೂ ಮಕ್ಕಳು ಬಂದು ಕಿಟಕಿಯ ಹೊರಗೆ ನಿಂತು ಹಾಡುತ್ತಿದ್ದರು, ಅವಳು ಒಳಗಿನಿಂದ ಬೆರಳಲ್ಲಿ ತಾಳ ಹಾಕುತ್ತಿದ್ದಳು. ಇಂಥವಳನ್ನು ಈ ಮನುಷ್ಯ ಹೀಗೆ ಬಿಟ್ಟುಬಿಡುವುದೇ? ಹೇಳಲು ಇವರ್ಯಾರು? ಇನ್ನೂ ಅಸಹ್ಯವಾದದ್ದೆಂದರೆ ಆ ಮಾತು ಬಿದ್ದಾಗ ಡೆಲ್ಮರನ ಬಲಗೈ ಕೂಡ ಹೆಂಡತಿಯ ತಲೆಯ ಮೇಲೇ ಇತ್ತು. ಅವನನ್ನು ಕೇಳದೆ ಅವನ ಕೈಯನ್ನೂ ಒಪ್ಪಿಗೆಗೆ ಎಣಿಸಿಕೊಂಡಂತಾಯಿತು. ಮೂರು ದಿನದಲ್ಲಿ ನೆಡ್ರಾ ಹೋದಳು.

ಅಂತ್ಯಕ್ರಿಯೆಯ ಮನೆಯನ್ನು ನಡೆಸುವ ಗ್ರಾಂಟ್ ಹಿಂಬಾಗಿಲಲ್ಲೇ ಕಾಯುತ್ತಿದ್ದ. "ಬನ್ನಿ ಬನ್ನಿ ಬ್ರದರ್ ಡೆಲ್ಮರ್. ಗುಂಡಿ ತಪ್ಪಿದೆ ನೋಡಿ. ಸತ್ತವರಿಗಿಂತ ಮೊದಲು ನಿಮಗೇ ತೊಡಿಸ್ಬೇಕೇನೋ," ಎಂದು ನಕ್ಕ. ಡೆಲ್ಮರ್ ಅವನ ಮುಂದೆಯೇ ಶಾಲೆಯ ಹುಡುಗನ ಹಾಗೆ ನಿಂತು ಗುಂಡಿಗಳನ್ನು ಬಿಚ್ಚಿ ಸರಿಯಾಗಿ ಹಾಕಿಕೊಂಡ. ಒಳಗೆ ಲರೂ ಇಸ್ತ್ರಿ ಮಾಡಿ ಕಳಿಸಿದ ಬಟ್ಟೆಯ ಚೀಲ ಮೊಳೆಗೆ ನೇತುಬಿದ್ದಿತ್ತು. ಮೇಜಿನ ಮೇಲೆ ಬಿಳಿ ಹಾಳೆ ಹೊದ್ದು ಆರ್ವಲ್ ಮಲಗಿದ್ದರು. ಬದುಕಿದ್ದಾಗ ಇದ್ದುದಕ್ಕಿಂತ ಉದ್ದ ಕಂಡರು.

"ನೀವು ಎಡಗೈ ನೋಡ್ಕೊಳ್ಳಿ, ನಾನು ಬಲಗೈ," ಎಂದ ಗ್ರಾಂಟ್. "ಮೊಣಕೈ ಹತ್ತಿರ ಸ್ವಲ್ಪ ತಿಕ್ಕಿ, ಸಡಿಲ ಆಗುತ್ತೆ. ಅವಸರ ಇಲ್ಲ. ನಿನ್ನೆ ಹುಡುಗರ ಆಟ ನೋಡಿದ್ರಾ? ಕೊನೇ ಗಳಿಗೇಲಿ ಕೈಯಲ್ಲಿದ್ದ ಚೆಂಡನ್ನ ಕೊಟ್ಟುಬಿಟ್ರು." ಅವನು ಶಾಲೆಯ ಫುಟ್‌ಬಾಲಿನ ಬಗ್ಗೆ ಮಾತಾಡುತ್ತಲೇ ಹೋದ, ಡೆಲ್ಮರ್ ಹೂಂಗುಟ್ಟಿದ. ಆರ್ವಲ್‌ರ ಮೊಣಕೈಯ ತಣ್ಣನೆಯ ಚರ್ಮವನ್ನು ತಿಕ್ಕುತ್ತಾ ಇರುವಾಗ ಅವನಿಗೆ ಆ ಮಾತುಗಳೇ ಒಂದು ಆಸರೆಯಾಗಿದ್ದವು. ಅಂಗಿಯ ತೋಳು ಮೊಣಕೈಗೆ ಸಿಕ್ಕಿಕೊಂಡಿತು. ಎಳೆದ. ಇನ್ನೂ ಎಳೆದಿದ್ದರೆ ಹೊಲಿಗೆ ಬಿಡುತ್ತಿತ್ತು. ಒಳಗಿನಿಂದ ಕೈ ಹಾಕಿ ಮುದುಕರ ಅಂಗೈ ಹಿಡಿದು ನಿಧಾನವಾಗಿ ಈಚೆಗೆ ತಂದ. ಹಾಗೆ ಆ ಕೈ ಹಿಡಿದು ಏಳು ವರ್ಷವಾಗಿತ್ತು. ಚರ್ಚಿನ ಬಾಗಿಲಲ್ಲಿ ಆರ್ವಲ್ ಕೈ ಚಾಚಿದಾಗಲೆಲ್ಲ ಡೆಲ್ಮರ್ ಎರಡೂ ಕೈಯಲ್ಲಿ ಪುಸ್ತಕ ಹಿಡಿದುಕೊಂಡಿರುತ್ತಿದ್ದ.

ಅದಾದರೂ ಸಣ್ಣದು. ದೊಡ್ಡದು ಜಗಲಿಯ ವಿಷಯ. ತಿಂಗಳಿಗೊಮ್ಮೆ ತನಗೆ ಒಪ್ಪಿಸಿದ ಮನೆಗಳಿಗೆ ಹೋಗಿ ವಿಚಾರಿಸಿ ಬರುವುದು ಪ್ರತಿಯೊಬ್ಬ ಗಂಡಸಿನ ಕೆಲಸ, ತಿಂಗಳ ಕೊನೆಯ ದಿನ ಓಡೋಡಿ ಮುಗಿಸುವವರೇ ಹೆಚ್ಚು. ಡೆಲ್ಮರನ ಮನೆ ಆರ್ವಲ್‌ಗೆ ಬಂದಿತ್ತು. ಬೇಕಾಗಿ ಕೇಳಿ ಪಡೆದರು ಎಂದು ಜನ ಹೇಳಿದರು. ಬಾಗಿಲು ತಟ್ಟಿದರೆ ಡೆಲ್ಮರ್ ಹೊರಗೆ ಬಂದು ಬಾಗಿಲನ್ನು ಬೆನ್ನ ಹಿಂದೆ ಎಳೆದುಕೊಂಡು ಜಗಲಿಯಲ್ಲೇ ನಿಲ್ಲುತ್ತಿದ್ದ. ಎಲ್ಲಾ ಸರಿನಾ? ಸರಿ. ಏನಾದ್ರೂ ಬೇಕಾ? ಏನೂ ಬೇಡ. ಇಷ್ಟೇ ಮಾತು. ಆಮೇಲೂ ಮುದುಕರು ಹೋಗದೆ ಟೋಪಿಯ ಅಂಚನ್ನು ತಿರುಗಿಸುತ್ತಾ ನಿಲ್ಲುತ್ತಿದ್ದರು. ಹಿಮ ಬಿದ್ದ ತಿಂಗಳಲ್ಲಿ ಬೂಟುಗಳನ್ನು ಮೆಟ್ಟಿಲಿಗೆ ಬಡಿದು ಬಡಿದು ಹಿಮ ಉದುರಿಸಿಕೊಳ್ಳುತ್ತಿದ್ದರು, ಒಳಗೆ ಕರೆಯುತ್ತಾರೆಂದು ನಂಬಿದವರ ಹಾಗೆ. ಬೂಟು ಚೊಕ್ಕಟವಾಗುತ್ತಿತ್ತು, ಬಾಗಿಲು ತೆರೆಯುತ್ತಿರಲಿಲ್ಲ. ಕ್ಷಮೆ ಕೇಳಲು ಬರುತ್ತಾರೆ, ಕೇಳಲಿ, ಕೇಳಿದರೂ ಕೊಡುವುದಿಲ್ಲ ಎಂದು ಡೆಲ್ಮರ್ ಅಂದುಕೊಂಡಿದ್ದ. ಹಾಗೆ ಅಂದುಕೊಳ್ಳುವಾಗ ಅವನಿಗೆ ಹಿತವಾಗುತ್ತಿತ್ತು ಎನ್ನುವುದೇ ಅವನಿಗೆ ಈಗ ಅಸಹ್ಯವಾಗಿ ಕಾಣುತ್ತಿತ್ತು. ಕಳೆದ ತಿಂಗಳು ಆರ್ವಲ್ ಉಬ್ಬಸ ಬಂದು ಹೇಳದೆ ಕೇಳದೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಡೆಲ್ಮರ್ ಮೇಲೆ ನಿಂತೇ ಇದ್ದ. ಒಂದು ಲೋಟ ನೀರು ತರಲು ಕೂಡ ಒಳಗೆ ಹೋಗಲಿಲ್ಲ, ಹೋದರೆ ಬಾಗಿಲು ತೆರೆಯಬೇಕಾಗುತ್ತಿತ್ತು.

ಇಷ್ಟಕ್ಕೂ ಅವನ ಬಳಿ ಆ ಮುದುಕರಿಗೆ ಸೇರಬೇಕಾದ ಮಾತೊಂದಿತ್ತು. ಆಶೀರ್ವಾದ ಮಾಡಿ ಆರ್ವಲ್ ಹೋದ ಮೇಲೆ ನೆಡ್ರಾ ಗಂಡನ ಕೈ ಹಿಡಿದು ಹತ್ತಿರ ಕೂರಿಸಿಕೊಂಡಿದ್ದಳು. ಅವಳ ಮುಖ ಎಷ್ಟೋ ತಿಂಗಳ ಮೇಲೆ ಬಿಗಿ ಬಿಟ್ಟಿತ್ತು. "ಡೆಲ್, ಬ್ರದರ್ ಮಿಕೆಲ್ಸನ್‌ಗೆ ನನ್ನ ಥ್ಯಾಂಕ್ಸ್ ಹೇಳು. ಮರೀಬೇಡ. ನಾನು ಹೋಗ್ಲಾ ಅಂತ ಕೇಳ್ಬೇಕು ಅಂತ ಎಷ್ಟೋ ದಿನದಿಂದ ಇತ್ತು, ನಿನ್ನ ಮುಖ ನೋಡಿದ್ರೆ ಕೇಳೋಕೆ ಧೈರ್ಯ ಬರ್ತಿರ್ಲಿಲ್ಲ. ನಾನು ಕೇಳೋಕೆ ಮೊದಲೇ ಅವರು ಅಪ್ಪಣೆ ಕೊಟ್ರು ಅಂತ ಹೇಳು." ಹೇಳ್ತೀನಿ ಅಂದ. ಆ ರಾತ್ರಿ ಅವಳು ನರಳದೆ ನಿದ್ದೆ ಮಾಡಿದಳು. ಅವನು ಮಾಡಲಿಲ್ಲ. ತನ್ನ ಮುಖ ನೋಡಿ ಹೆದರಿದಳಂತೆ. ಊಟ ಮಾಡಿಸಿದ, ಒರೆಸಿದ, ಎತ್ತಿ ಮಲಗಿಸಿದ ತನ್ನ ಮುಖ ನೋಡಿ ಹೆದರಿದವಳು, ಎಣ್ಣೆ ಬಾಟಲಿ ಜೇಬಲ್ಲಿಟ್ಟುಕೊಂಡು ಬಂದುಹೋದ ಮುದುಕನಿಗೆ ಥ್ಯಾಂಕ್ಸ್ ಹೇಳಿ ಕಳಿಸುತ್ತಾಳೆ. ಮಣ್ಣು ಮಾಡಿದ ದಿನ ಹೇಳಬಹುದಿತ್ತು, ಸಿಟ್ಟಿನಲ್ಲಿ ಹೇಳಲಿಲ್ಲ. ಸಿಟ್ಟು ಆರಿದ ಮೇಲೆ ಇಷ್ಟು ದಿನ ಹೇಳಲಿಲ್ಲವಲ್ಲ ಎಂಬ ನಾಚಿಕೆಯಲ್ಲಿ ಹೇಳಲಿಲ್ಲ. ಆಮೇಲಾಮೇಲೆ ಪ್ರತಿ ತಿಂಗಳೂ ಅದು ಇನ್ನಷ್ಟು ಕಷ್ಟವಾಗುತ್ತಾ ಹೋಯಿತು.

ಕೊನೆಗೆ ಇಬ್ಬರೂ ಸೇರಿ ಮುದುಕರ ಬೆನ್ನೆತ್ತಿದರು. ಗ್ರಾಂಟ್ ಅಂಗಿಯನ್ನು ಕೆಳಕ್ಕೆ ಎಳೆಯುವಾಗ ತಲೆಯ ಭಾರವೆಲ್ಲ ಡೆಲ್ಮರನ ಭುಜದ ಮೇಲೆ ಬಿತ್ತು. ಕುತ್ತಿಗೆಯ ಹಿಂದೆ ಕೂದಲನ್ನು ಈಚೆಗಷ್ಟೇ ಯಾರೋ ಕತ್ತರಿಯಲ್ಲಿ ಸೊಟ್ಟಪಟ್ಟ ಕತ್ತರಿಸಿದ್ದರು. ಲರೂಳ ಕೈಕೆಲಸವಿರಬೇಕು. ಡೆಲ್ಮರ್ ಆ ಸೊಟ್ಟ ಕೂದಲನ್ನು ಬೆರಳಿನಿಂದ ತೀಡಿದ. ಈ ಮನುಷ್ಯನೆಂದರೆ ಅವನಿಗೆ ಪ್ರೀತಿ. ಊರಿನವರಷ್ಟೇ, ಪ್ರಾಯಶಃ ಊರಿನವರಿಗಿಂತ ಹೆಚ್ಚು ಪ್ರೀತಿ. ಇಲ್ಲದಿದ್ದರೆ ಏಳು ವರ್ಷ ಹೀಗೆ ಒಬ್ಬರ ಮೇಲೆ ಹಗೆ ಸಾಧಿಸಲು ಆಗುತ್ತಿತ್ತೇ? ಅವನು ತಲೆಯನ್ನು ಮೆಲ್ಲಗೆ ದಿಂಬಿಗೆ ಇಳಿಸಿದ. ಉಳಿದದ್ದನ್ನೆಲ್ಲ ಗ್ರಾಂಟ್ ಹೇಳಿದ ಹಾಗೆ ತೊಡಿಸಿ, ಪಾದಗಳಿಗೆ ಬಿಳಿ ಚಪ್ಪಲಿ ಹಾಕಿದ. ಜೀವವಿಲ್ಲದ ಪಾದ ಹೇಳಿದ ಕಡೆಗೆ ತಿರುಗುತ್ತಿತ್ತು, ಯಾವುದಕ್ಕೂ ಬೇಡ ಅನ್ನುತ್ತಿರಲಿಲ್ಲ. ಆರ್ವಲ್ ಬದುಕಿದ್ದಾಗಲೂ ಅಷ್ಟೇ ಅಲ್ಲವೇ, ನಿಲ್ಲಿಸಿದಲ್ಲಿ ನಿಂತು ಹೋದರು ಅಂದುಕೊಂಡ.

ಬಾಗಿಲು ತಟ್ಟಿ ಲರೂ ಬಂದಳು. ಎಂಬತ್ತು ದಾಟಿದ ಕುಳ್ಳನೆಯ ಹೆಂಗಸು, ಕೋಟು ಕೂಡ ಬಿಚ್ಚಿರಲಿಲ್ಲ. ಕೈಚೀಲದಿಂದ ಬಿಳಿ ಟೈ ತೆಗೆದಳು. "ಇದನ್ನ ಬೇಕಂತಲೇ ಕಳಿಸ್ಲಿಲ್ಲ ಕಣೋ. ಟೈ ಕಟ್ಟೋದು ಇವರಿಗೆ ಯಾವತ್ತೂ ಬರ್ಲಿಲ್ಲ. ಬಿಷಪ್ ಆಗಿದ್ದಾಗಲೂ ಬರ್ಲಿಲ್ಲ. ಊರಿಗೆಲ್ಲ ಉಪದೇಶ ಇವರದು, ಕತ್ತಿಗೆ ಮಾತ್ರ ನಾನೇ ಬೇಕು." ಗ್ರಾಂಟ್ ಹೂವಿನ ಗಾಡಿ ಬಂತೇನೋ ನೋಡಿ ಬರುತ್ತೇನೆಂದು ಹೊರಗೆ ಹೋದ. ಲರೂ ಗಂಡನ ಮೇಲೆ ಬಾಗಿ ಟೈ ಸುತ್ತತೊಡಗಿದಳು. ಗಂಟು ನೆಟ್ಟಗೆ ಬೀಳುತ್ತಿತ್ತು.

"ನಿನ್ನನ್ನೇ ಯಾಕೆ ಕರೆಸಿದೆ ಗೊತ್ತೇನೋ?"

"ಇಲ್ಲ ಸಿಸ್ಟರ್."

"ಸಿಟ್ಟಿಗೆ. ಬದುಕಿದ್ದಾಗ ಮುಟ್ಲಿಲ್ವಲ್ಲ, ಸತ್ತ ಮೇಲಾದ್ರೂ ಮುಟ್ಲಿ ಅಂತ ಕರೆಸಿದೆ." ಅವಳು ಧ್ವನಿ ಎತ್ತಲಿಲ್ಲ. "ನಿನ್ನ ಜಗಲಿಯಿಂದ ಬಂದ ದಿನ ಇವರಿಗೆ ಊಟ ಸೇರ್ತಿರ್ಲಿಲ್ಲ. ನೆಡ್ರಾ ಹೋದ ಮೇಲೆ ಇವರು ಇನ್ಯಾರ ತಲೆ ಮೇಲೂ ಮಾತು ಆಡ್ಲಿಲ್ಲ, ನೋಡಿದ್ದೀಯಾ? 'ಎಣ್ಣೆ ನಾನು ಹಾಕ್ತೀನಿ, ಮಾತು ನೀವಾಡಿ' ಅಂತ ಚಿಕ್ಕವರನ್ನ ಮುಂದೆ ಮಾಡೋರು. ಎಂಥಾ ವಿನಯ ಅಂತ ಊರೆಲ್ಲ ಹೊಗಳ್ತು. ವಿನಯ ಅಲ್ಲಪ್ಪ ಅದು, ಹೆದರಿಕೆ."

"ಹೆದರಿಕೆನಾ? ಇವರಿಗಾ?"

"ಹೂಂ ಮತ್ತೆ. ಆ ಮಾತು ಮೇಲಿಂದ ಬಂತೋ, ಅವಳ ಸಂಕಟ ನೋಡ್ಲಾರದೆ ನನ್ನ ಹೊಟ್ಟೆಯಿಂದಲೇ ಬಂತೋ ಗೊತ್ತಿಲ್ಲ ಲರೂ ಅನ್ನೋರು. ಅದನ್ನ ಕೇಳಿ ಅವಳ ಎದೆ ಒಡೀತೇನೋ, ಇವತ್ತು ಡೆಲ್ಮರ್‌ನ ಕೇಳೇ ಬರ್ತೀನಿ ಅಂತ ಹೊರಡೋರು. ವಾಪಸ್ ಬಂದು, ಇವತ್ತೂ ಬಾಯಿ ಬರ್ಲಿಲ್ಲ ಅನ್ನೋರು. ತಿಂಗಳಾ ತಿಂಗಳಾ ಇದೇ. ಒಂದು ಸಲ, ಒಂದೇ ಸಲ ಒಳಗೆ ಕರ್ದು ಕೂರಿಸಿದ್ರೆ ಕೇಳ್ತಿದ್ರೇನೋ."

ಡೆಲ್ಮರ್ ಮೇಜಿನ ಅಂಚನ್ನು ಹಿಡಿದುಕೊಂಡ. ಅಂದರೆ ಅವರು ಕ್ಷಮೆ ಕೇಳಲು ಬಂದದ್ದಲ್ಲ, ಪ್ರಶ್ನೆ ಕೇಳಲು ಬಂದದ್ದು. ಅದಕ್ಕೆ ಉತ್ತರ ಇಡೀ ಲೋಕದಲ್ಲಿ ಅವನೊಬ್ಬನ ಬಳಿ ಇತ್ತು, ಆ ಉತ್ತರದ ಮೇಲೆ ಬೆನ್ನಿಟ್ಟು ಬಾಗಿಲು ಎಳೆದುಕೊಂಡು ಅವನು ನಿಂತಿದ್ದ. ಸುಮ್ಮನಿದ್ದುಬಿಡಬಹುದು ಎಂದು ಒಂದು ಗಳಿಗೆ ಅನಿಸಿತು. ಲರೂ ತನ್ನ ಸಿಟ್ಟನ್ನು ಹೇಳಿ ಮುಗಿಸಿದ್ದಾಳೆ, ಸೋಮವಾರ ಮಣ್ಣು, ಆಲೂಗಡ್ಡೆ, ಮುಗಿಯಿತು. ಹೇಳಿದರೆ ಈ ಮುದುಕಿ ಸಾಯುವವರೆಗೂ ತನ್ನ ಮುಖ ನೋಡಲಿಕ್ಕಿಲ್ಲ. ಆದರೂ ಬಾಯಿ ತೆರೆಯಿತು.

"ನೆಡ್ರಾ ಹೇಳಿ ಕಳಿಸಿದ್ದಳು. ಅವತ್ತೇ. ಇವರಿಗೆ ಥ್ಯಾಂಕ್ಸ್ ಹೇಳು ಅಂದಿದ್ದಳು. ಅವಳ ಎದೆ ಒಡೀಲಿಲ್ಲ ಸಿಸ್ಟರ್. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ್ಲು. ನಾನು... ನಾನು ಹೇಳ್ಲಿಲ್ಲ."

ಲರೂಳ ಕೈ ಟೈಯ ಗಂಟಿನ ಮೇಲೆ ನಿಂತಿತು. ಅವಳು ತಿರುಗಿ ಅವನನ್ನು ನೋಡಿದಳು. ಹೊಡೆಯುತ್ತಾಳೆ ಅಂದುಕೊಂಡ, ಹೊಡೆದರೆ ಒಳ್ಳೆಯದು ಅಂದುಕೊಂಡ. ಹಿಂದಿದ್ದ ಕುರ್ಚಿಯನ್ನು ಕೈಯಿಂದ ತಡವಿ ಹುಡುಕಿ ಕೂತಳು. ಕೂತು ಕೋಟಿನ ಗುಂಡಿಯನ್ನೇ ತಿರುವಿದಳು.

"ಏಳು ವರ್ಷ," ಅಂದಳು.

"ಹೂಂ."

"ನನಗ್ಯಾಕೆ ಹೇಳ್ತೀಯೋ ಪಾಪಿ? ಅವಳು ನನಗೆ ಹೇಳು ಅಂದಿದ್ಲಾ?"

"ಇಲ್ಲ."

"ಮತ್ತೆ? ಯಾರಿಗೆ ಹೇಳು ಅಂದಿದ್ಲೋ ಅವರಿಗೆ ಹೇಳು. ಇಲ್ಲೇ ಇದಾರೆ."

ಡೆಲ್ಮರ್ ನಿಂತಲ್ಲೇ ಬಾಗಿದ. ಹತ್ತಿರ ಸಿಕ್ಕ ಕಿವಿಗೆ ಬಾಯಿ ತಂದ.

"ಆ ಕಿವಿ ಅಲ್ಲ," ಅಂದಳು ಲರೂ. "ಅದು ಯಾವತ್ತೋ ಹೋಯ್ತು. ಈ ಕಡೆ ಬಾ."

ಅವನು ಮೇಜನ್ನು ಸುತ್ತಿ ಈಚೆ ಬದಿಗೆ ಬಂದು, ನೋಯುವ ಮಂಡಿಯನ್ನು ಊರಿ, ಬಲಗಿವಿಯ ಬಳಿ ಹೇಳಿದ. "ನೆಡ್ರಾ ನಿಮಗೆ ಥ್ಯಾಂಕ್ಸ್ ಹೇಳಿದಾಳೆ." ಅವನಿಗೇ ಸರಿಯಾಗಿ ಕೇಳಿಸಲಿಲ್ಲ.

"ಜೋರಾಗಿ ಹೇಳೋ. ಮೆಲ್ಲಗೆ ಹೇಳಿದ್ರೆ ಇವರು ಸುಮ್ನೆ ಹೂಂ ಹೂಂ ಅಂತಾರೆ ಅಷ್ಟೆ, ಒಂದಕ್ಷರ ಕೇಳಿಸಿರಲ್ಲ." ಅವಳು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. "ಇನ್ನೂ ಏನೋ ಇದೆ ನಿನ್ನ ಹೊಟ್ಟೇಲಿ. ಅದನ್ನೂ ಹೇಳು. ಪೂರ್ತಿ ಹೇಳು."

"ನೆಡ್ರಾ ಹೇಳಿದ್ಲು," ಎಂದು ಡೆಲ್ಮರ್ ಕೂಗಿದ. ಹೊರಗೆ ಗ್ರಾಂಟ್ ಯಾರ ಜೊತೆಗೋ ಆಡುತ್ತಿದ್ದ ಮಾತು ನಿಂತುಹೋಯಿತು. "ಥ್ಯಾಂಕ್ಸ್ ಹೇಳು ಅಂದ್ಲು! ಹೋಗ್ಲಾ ಅಂತ ಕೇಳ್ಬೇಕು ಅಂತಿದ್ಲಂತೆ. ನನ್ನ ಮುಖ ನೋಡಿದ್ರೆ ಕೇಳೋಕೆ ಧೈರ್ಯ ಬರ್ತಿರ್ಲಿಲ್ವಂತೆ. ನನ್ನ ಮುಖ, ಬ್ರದರ್ ಮಿಕೆಲ್ಸನ್, ನನ್ನ ಮುಖ! ಅವಳು ಕೇಳೋಕೆ ಮೊದಲೇ ನೀವು ಅಪ್ಪಣೆ ಕೊಟ್ರಿ ಅಂತ ಹೇಳು ಅಂದ್ಲು!"